ಹಣೆ ಹುಟ್ಟಿನಿಂದಲೇ ಹೀಗಿತ್ತೇ?

ಅಗಲ ಹಣೆ ಭಾಗ್ಯದ ಗುರುತು ಎಂದು ನನಗೆ ಹೇಳದವರೇ ಇಲ್ಲ. ಹಾಗೆ ಹೇಳಿದವರ ಹಣೆಯೆಲ್ಲ ಅಳತೆಗೆ ಸರಿಯಾಗಿಯೇ ಇರುತ್ತಿತ್ತು. ಚಿತ್ರದುರ್ಗದಲ್ಲಿ ಟೈಪಿಸ್ಟ್ ಆಗಿದ್ದೆ. ದುರ್ಗದ ಗಾಳಿ ಗೊತ್ತಲ್ಲ, ಅದು ಬೀಸಿದಾಗ ಉಳಿದವರು ಸೆರಗು ಹಿಡಿದುಕೊಂಡರೆ ನಾನು ಹಣೆ ಮುಚ್ಚಿದ್ದ ಕೂದಲು ಹಿಡಿದುಕೊಳ್ಳುತ್ತಿದ್ದೆ. ಕೊನೆಗೆ ರೋಸಿಹೋಗಿ, ಎರಡು ಸಾವಿರದ ಇಸವಿ ಕಳೆದು ಕೆಲವು ವರ್ಷಗಳಾಗಿದ್ದವು, ವಾರಕ್ಕೊಮ್ಮೆ ಊರಿಗೆ ಬರುತ್ತಿದ್ದ ಪ್ಲಾಸ್ಟಿಕ್ ಸರ್ಜನ್ ಒಬ್ಬರ ಬಳಿ ಹೋದೆ. ನಮ್ಮ ಹಳ್ಳಿ ರಾಮಗಿರಿಯಿಂದ ಅವ್ವನೂ ಬಂದಳು.

ಡಾಕ್ಟರು ಎರಡು ದಾರಿ ಹೇಳಿದರು. ಹಣೆ ಹುಟ್ಟಿನಿಂದಲೇ ಅಗಲವಿದ್ದರೆ ಕೂದಲಂಚಿನಲ್ಲಿ ಕೊಯ್ದು, ನೆತ್ತಿಯ ಚರ್ಮವನ್ನು ಮುಂದಕ್ಕೆಳೆದು ಹೊಲಿಯಬಹುದು. ಆಮೇಲೆ ಕೂದಲುದುರಿ ಅಗಲವಾಗಿದ್ದರೆ ಹಾಗೆ ಮಾಡಬಾರದು. ಅಂಚು ಇನ್ನೂ ಉದುರಿದರೆ ಹೊಲಿಗೆಯ ಗೀರು ಎದ್ದು ಕಾಣುತ್ತದೆ. ಆಗ ತಲೆಯ ಹಿಂದಿನ ಕೂದಲನ್ನು ಬೇರುಸಹಿತ ತೆಗೆದು ಮುಂದೆ ನಾಟಬೇಕು. "ಚಿಕ್ಕಂದಿನಲ್ಲಿ ಹೇಗಿತ್ತಮ್ಮ?" ಎಂದು ಅವರು ಅವ್ವನನ್ನೇ ಕೇಳಿದರು.

"ಹುಟ್ಟಿದಾಗಿಂದ್ಲೂ ಹಿಂಗೇ ಐತ್ರಿ," ಎಂದಳು ಅವ್ವ, ರೆಪ್ಪೆ ಮಿಟುಕಿಸದೆ.

ನನಗೆ ಮೈಯೆಲ್ಲ ಉರಿಯಿತು. ನಾನು ಹುಟ್ಟಿದ್ದನ್ನು ಅವಳು ನೋಡಿಯೇ ಇರಲಿಲ್ಲ. ಹೆತ್ತವಳು ತೀರಿಕೊಂಡ ಮೇಲೆ, ನಾನು ಐದನೇ ಕ್ಲಾಸಿನಲ್ಲಿದ್ದಾಗ, ಅಪ್ಪನನ್ನು ಮದುವೆಯಾಗಿ ಬಂದವಳು. ಮಲತಾಯಿ ಎಂಬ ಮಾತು ನಮ್ಮ ಮನೆಯಲ್ಲಿ ಯಾರ ಬಾಯಲ್ಲೂ ಬಂದದ್ದಿಲ್ಲ. ಡಾಕ್ಟರೆದುರು ನಾನದನ್ನು ಹೇಗೆ ಎತ್ತಲಿ? ಯೋಚಿಸಿ ಹೇಳುತ್ತೇವೆ ಎಂದು ಎದ್ದು ಬಂದೆ.

ಅಪ್ಪನನ್ನು ಕೇಳಿದರೆ, "ಹಣೆ ಹಣೆ ಇದ್ದಂಗೇ ಇತ್ತು ಬಿಡವ್ವ," ಎಂದ. ಹಳೆಯ ಫೋಟೊ ಇದ್ದದ್ದು ಒಂದೇ, ಅದೂ ಮುಡಿ ಕೊಟ್ಟು ಬಂದ ದಿನದ್ದು. ತಲೆ ನುಣ್ಣಗಿತ್ತು.

"ನಿನ್ ಮಾತು ನಂಬಿ ಅವ್ರು ಕೊಯ್ದುಬಿಡ್ತಾರೆ," ಎಂದು ಅವ್ವನ ಮೇಲೆ ಹರಿಹಾಯ್ದೆ. "ಆಮೇಲೆ ಆ ಗೀರು ಹೊತ್ಕಂಡು ತಿರುಗೋಳು ನಾನು, ನೀನಲ್ಲ." ಅವಳು ಅಕ್ಕಿ ಆರಿಸುತ್ತಲೇ ಕೂತಳು. ಅದನ್ನು ನೋಡಿ ನನಗೆ ಇನ್ನಷ್ಟು ರೇಗಿತು.

ಮುಂದಿನ ವಾರ ಡಾಕ್ಟರು ಕೇಳುವ ಮೊದಲೇ ಅವ್ವ ಶುರು ಮಾಡಿದಳು.

"ಹುಟ್ಟಿದಾಗ ನಾನು ನೋಡಿಲ್ರಿ. ನಾನು ಹೆತ್ತೋಳಲ್ಲ. ನಾನು ಬಂದಾಗ ಹಣೆ ಮ್ಯಾಲೆ ಸಣ್ಣ ಕೂದ್ಲು ತುಂಬ ಇದ್ವು. ಇಸ್ಕೂಲಿಗೆ ಅಂತ ಹೊಳಲ್ಕೆರೆ ಬಸ್ಸಿಗೆ ಕಳಿಸೋ ಮುಂಚೆ ದಿನಾ ನಾನೇ ಎಣ್ಣೆ ಹಚ್ಚಿ, ಎಳೆದೆಳೆದು ಎಲ್ಡು ಜಡೆ ಬಿಗೀತಿದ್ದೆ. ನೋಯ್ತೈತೆ ಅಂತ ಅಳ್ತಿದ್ಲು. ಸಡ್ಲ ಬಿಟ್ರೆ ಸಂಜಿಗೆ ತಲೆ ಕೆದರ್ಕಂಡು ಬರಾಳು. ಕಂಡೋರು ತಾಯಿಲ್ಲದ ಮಗು ಅಂದಾರು ಅಂತ ಬಿಗೀತಿದ್ದೆ."

ಡಾಕ್ಟರು ನನ್ನ ಕೂದಲಂಚನ್ನು ಬೆರಳಿನಿಂದ ಒತ್ತಿ ನೋಡಿ, ಬಿಗಿದ ಜಡೆಗೇ ಉದುರಿರಬೇಕು, ಹಾಗಿದ್ದರೆ ನಾಟುವುದೇ ಸರಿ ಎಂದರು. ಅದಕ್ಕೆ ಹಿಂದಲೆಯಿಂದ ಒಂದು ಪಟ್ಟಿಯಷ್ಟು ಚರ್ಮ ಕೊಯ್ಯಬೇಕು ಎಂದಾಗ ಅವ್ವ ತನ್ನ ಜಡೆಯನ್ನು ಮುಂದಕ್ಕೆಳೆದುಕೊಂಡಳು.

"ಅವಳ ತಲೆ ಯಾಕ್ರಿ ಕೊಯ್ಯೋದು? ನನ್ನವೇ ತಗಳ್ರಿ. ದಟ್ಟಗವೆ."

"ಬೇರೆಯವರದು ಹಿಡಿಯಲ್ಲಮ್ಮ," ಎಂದರು ಡಾಕ್ಟರು, ಚೀಟಿ ಬರೆಯುತ್ತಲೇ.

ಅವ್ವ ಜಡೆಯನ್ನು ಮೆಲ್ಲಗೆ ಹಿಂದಕ್ಕೆ ಬಿಟ್ಟಳು. ಇಷ್ಟು ವರ್ಷ ಆ ಹಣೆಯ ಮೇಲೆ ಬಂದ ಸಿಟ್ಟನ್ನೆಲ್ಲ ಕೂಡಿಸಿದರೂ ಡಾಕ್ಟರ ಆ ಮಾತಿಗೆ ನನಗೆ ಬಂದಷ್ಟು ಆಗಲಾರದು.

"ಬೇರೆಯವರಲ್ಲ ಸಾರ್, ನಮ್ಮವ್ವ," ಎಂದೆ. ನನ್ನ ದನಿ ಹೊರಗೆ ಬೆಂಚಿನ ಮೇಲೆ ಕೂತಿದ್ದವರಿಗೂ ಕೇಳಿಸಿತಂತೆ.