ಹೂಳುವುದಕ್ಕೆ ಒಪ್ಪಿಗೆ

ನಾಟಕಕ್ಕೆ ಒಪ್ಪಿಗೆ ಕೊಡುವ ದೋಹಾದ ಕಚೇರಿ ತೆರೆಯುವ ಮೊದಲೇ ನಾವು ಮೂವರೂ ಬಾಗಿಲಲ್ಲಿದ್ದೆವು: ನಾನು, ಇಲ್ಲೇ ನೆಲೆಸಿರುವ ಮಗಳು ವಸುಧಾ, ನನ್ನ ಹಳೆಯ ವಿದ್ಯಾರ್ಥಿ ಬಂಟ್ವಾಳದ ಅಬ್ದುಲ್ಲ. ಶುಕ್ರವಾರ ಇಲ್ಲಿನ ಕನ್ನಡಿಗರು ಅವನ ನಿರ್ದೇಶನದಲ್ಲಿ ಹಳೆಯ ಗ್ರೀಕ್ ದುರಂತ ನಾಟಕವೊಂದನ್ನು ಆಡಬೇಕು. ದ್ರೋಹಿಯ ಶವವನ್ನು ಯಾರೂ ಹೂಳಬಾರದೆಂದು ರಾಜ ಆಜ್ಞೆ ಮಾಡುತ್ತಾನೆ. ಸತ್ತವನ ತಂಗಿ ಅದನ್ನು ಮೀರಿ ಅಣ್ಣನಿಗೆ ಮಣ್ಣು ಹಾಕುತ್ತಾಳೆ. ತಂಗಿಯ ಪಾತ್ರ ವಸುಧಾಳದು. ಅಮೀರರೇ ದೊರೆಯಾಗಿ ಆಳುವ ನಾಡಿನಲ್ಲಿ ಇಂಥ ಕಥೆಗೆ ಒಪ್ಪಿಗೆ ಸಿಗದಿದ್ದರೆ ಇಷ್ಟು ದಿನದ ತಾಲೀಮು ನೀರುಪಾಲು.

"ರಾಜ ಅಂತ ಬೇಡ ಮಾಷ್ಟ್ರೇ, ಊರಿನ ಪಟೇಲ ಅಂತ ಹೇಳುವ" ಎಂದ ಅಬ್ದುಲ್ಲ.

"ಇದ್ದದ್ದನ್ನೇ ಹೇಳು."

ಒಳಗೆ ಅವನು ಅರಬ್ಬಿಯಲ್ಲಿ ಕಥೆ ಹೇಳಿ, ತಂಗಿ ಇವಳೇ ಎಂದು ವಸುಧಾಳನ್ನು ತೋರಿಸಿದ. ಜಪಮಣಿ ಎಣಿಸುತ್ತಿದ್ದ ಅಧಿಕಾರಿಯ ಬೆರಳು ನಿಂತಿತು. ಏನೋ ಕೇಳಿದರು.

"ಹೆಣ ಎಷ್ಟು ಹೊತ್ತು ಹೊರಗೆ ಬಿದ್ದಿರ್ತದೆ ಅಂತ ಕೇಳ್ತಾರೆ" ಎಂದ ಅಬ್ದುಲ್ಲ, ಗಾಬರಿಯಿಂದ.

"ಎರಡು ದೃಶ್ಯ ಮುಗಿಯುವ ತನಕ" ಎಂದಳು ವಸುಧಾ.

ಉತ್ತರ ಕೇಳಿ ಅಧಿಕಾರಿ ಲೊಚಗುಟ್ಟಿದರು. ಸತ್ತವರನ್ನು ಅಂದೇ ಮಣ್ಣು ಮಾಡಬೇಕು, ರಾಜನಾದರೇನು, ತಡೆಯಬಾರದು ಎಂದರಂತೆ. ಒಪ್ಪಿಗೆಯ ಮೊಹರು ಒತ್ತಿ, ವಸುಧಾಳತ್ತ ತಿರುಗಿ, ಬೇಗ ಬೇಗ ಎನ್ನುವಂತೆ ಕೈ ಬೀಸಿದರು.

ಹೊರಗೆ ಅಬ್ದುಲ್ಲ ಬೆವರು ಒರೆಸಿಕೊಂಡ. "ಈಗ ಜೀವ ಬಂತು ಮಾರಾಯ್ರೇ. ಯಲ್ಲಾ, ಬನ್ನಿ ಬನ್ನಿ, ಚಾ ಕುಡಿಯುವ."

ನಾಟಕದ ಮಾತು ಕತ್ತರಿಸುವುದು ನನಗೆ ಒಗ್ಗದು. ಆದರೂ ಚಹಾ ಬರುವ ಮೊದಲೇ ಅವನಿಗೆ ಹೇಳಿದೆ: "ಮೊದಲ ದೃಶ್ಯ ಸ್ವಲ್ಪ ಕಡಿಮೆ ಮಾಡು. ಇವಳು ಬೇಗ ಮಣ್ಣು ಹಾಕಲಿ."