ಆಯೇರಿ ಪುಸ್ತಕದ ಹದಿನೇಳು ಜನ

ವಾಡಿಯಲ್ಲಿರುವ ನಮ್ಮ ಅಕ್ಕನ ಟ್ರಂಕಿನೊಳಗೆ, ರೇಷ್ಮೆ ಸೀರೆಗಳ ಕೆಳಗೆ, ಮೂಲೆಗೆ ಅರಿಸಿನ ಹಚ್ಚಿದ ಒಂದು ಉದ್ದ ನೋಟ್‌ಬುಕ್ಕಿದೆ. ಅವಳ ಮಗಳ ಮದುವೆಗೆ ಯಾರು ಎಷ್ಟು ಆಯೇರಿ ಮಾಡಿದರೆಂಬ ಲೆಕ್ಕ ಅದರಲ್ಲಿದೆ. ಬೇರೆ ಕಡೆ ಮುಯ್ಯಿ ಎನ್ನುವುದು ನಮ್ಮಲ್ಲಿ ಆಯೇರಿ: ಮದುವೆ ಮನೆಗೆ ಕೈಲಾದಷ್ಟು ಕೊಟ್ಟು ಹೆಸರು ಬರೆಸುವುದು, ಮುಂದೆ ಕೊಟ್ಟವರ ಮನೆಯ ಮದುವೆಯಲ್ಲಿ ಅದಕ್ಕೆ ಹತ್ತೋ ಇಪ್ಪತ್ತೋ ಸೇರಿಸಿ ತಿರುಗಿಸುವುದು. ಆ ಪುಸ್ತಕ ಬರೆದವನು ನಾನು. ಸೇಡಂನ ಕಾಲೇಜಿನಲ್ಲಿ ಇಪ್ಪತ್ತೆರಡು ವರ್ಷಗಳಿಂದ ಲೆಕ್ಕಶಾಸ್ತ್ರ ಕಲಿಸುತ್ತಿರುವ ಪಂಡಿತ ಮನೆಯಲ್ಲೇ ಇರುವಾಗ, ಮಿತ್ರರೇ, ಬೇರೆಯವರ ಕೈಗೆ ಪೆನ್ನು ಕೊಡುವುದುಂಟೇ?

ನನ್ನ ಪಾಂಡಿತ್ಯದ ಬಗ್ಗೆ ಎರಡು ಮಾತು ಹೇಳಬೇಕು. ನಾನು ಬಿಡಿಸುವ ಸಮಸ್ಯೆಗಳಲ್ಲಿ ರಮೇಶ ಎಂಬ ವ್ಯಾಪಾರಿಯಿದ್ದಾನೆ. ವರ್ಷಕ್ಕೊಮ್ಮೆ ಒಂದು ಲಕ್ಷ ಬಂಡವಾಳ ಹಾಕಿ ಅಂಗಡಿ ತೆರೆಯುತ್ತಾನೆ, ಪೀಠೋಪಕರಣ ಕೊಳ್ಳುತ್ತಾನೆ, ಸುರೇಶನಿಗೆ ಉದ್ರಿ ಮಾರುತ್ತಾನೆ. ಸುರೇಶ ದಿವಾಳಿಯಾದರೆ ಅವನ ಮನೆಗೆ ಹೋಗಿ ಜಗಳ ತೆಗೆಯುವುದಿಲ್ಲ, ಹೆಂಡತಿ ಮಕ್ಕಳು ಉಂಡರೋ ಇಲ್ಲವೋ ಎಂದು ವಿಚಾರಿಸುವುದೂ ಇಲ್ಲ. 'ಬಾರದ ಸಾಲ' ಎಂದು ಬರೆದು ಕೈ ತೊಳೆದುಕೊಳ್ಳುತ್ತಾನೆ. ಚಿಂಚೋಳಿ, ಚಿತ್ತಾಪುರದ ಹಳ್ಳಿಗಳಿಂದ ಬಸ್ಸು ಹಿಡಿದು ಬರುವ ಮಕ್ಕಳಿಗೆ ಈ ನಿರ್ವಿಕಾರಿಯನ್ನೇ ಆದರ್ಶಪುರುಷನೆಂದು ತೋರಿಸಿದ್ದೇನೆ. ತಾಳೆಪಟ್ಟಿಯ ಎರಡು ಬದಿ ಹೊಂದಿದರೆ ಲೋಕವೇ ಹೊಂದಿತೆಂದು ನಂಬಿಸಿದ್ದೇನೆ. ಸಣ್ಣ ಮೊತ್ತಗಳನ್ನು ಬಿಡಿಬಿಡಿಯಾಗಿ ಬರೆದು ಪುಟ ಕೆಡಿಸಬೇಡಿ, ಎಲ್ಲ ಕೂಡಿಸಿ 'ಇತರೆ' ಎನ್ನಿ ಎಂಬುದು ನನ್ನ ಅಚ್ಚುಮೆಚ್ಚಿನ ಉಪದೇಶ.

ಮದುವೆಯ ದಿನ ಅದನ್ನೇ ಪಾಲಿಸಿದೆ. ಸಾವಿರ ಕೊಟ್ಟ ಶಹಾಬಾದಿನ ಕಲ್ಲಿನ ವ್ಯಾಪಾರಿಗಳ ಹೆಸರನ್ನು ದುಂಡಗೆ ಬರೆದೆ. ನೂರರೊಳಗೆ ಕೊಟ್ಟವರ ನೋಟು ಡಬ್ಬಿಗೆ ಹಾಕಿ, ಚೀಟಿಯ ಮೇಲೆ ಒಂದೊಂದು ಗೀಟು ಎಳೆದೆ. ಕೊನೆಗೆ 'ಇತರೆ, ಹದಿನೇಳು ಜನ, ಒಂಬೈನೂರ ತೊಂಬತ್ತು' ಎಂದು ಬರೆದು, ಒಟ್ಟು ಹಣವನ್ನು ಆದಾಯದ ಕಡೆಗೆ ತೋರಿಸಿದೆ. ಒಂದು ರೂಪಾಯಿ ಹೆಚ್ಚುಕಡಿಮೆ ಬರಲಿಲ್ಲ. ನನ್ನ ಬಗ್ಗೆ ನನಗೇ ಹೆಮ್ಮೆಯಾಯಿತು.

ಎರಡು ವರ್ಷದ ಮೇಲೆ ಕಾಶಮ್ಮ ತನ್ನ ಮಗಳ ಲಗ್ನಪತ್ರಿಕೆ ತಂದುಕೊಟ್ಟಳು. ಅಕ್ಕನ ಓಣಿಯಲ್ಲೇ ಜೋಳದ ರೊಟ್ಟಿ ಬಡಿದು ಮಾರುವವಳು ಅವಳು. ಅಕ್ಕ ಪುಸ್ತಕ ತೆಗೆದು ಮೂರು ಸಲ ಮಗುಚಿದಳು.

"ಕಾಶಮ್ಮಂದು ಎಲ್ಲಿ ಬರದಿಯೋ ತಮ್ಮಾ?"

"ಇತರೇದಾಗ ಅದ."

"ಇತರೆ ಅಂದ್ರ ಯಾರು? ಅಕಿ ನಮ್ಮ ಬಾಜೂ ಮನಿಯಾಕಿ. ಮತ್ತ ಇದೇನು, ಆದಾಯ ಅಂತ ಬರದೀದಿ? ತಿರುಗಿ ಕೊಡೋದು ಆದಾಯ ಹ್ಯಾಂಗಾಗ್ತದ?"

ಮೊದಲ ವರ್ಷದ ಹುಡುಗಿಯೊಬ್ಬಳು ಸಾಲವನ್ನು ಆದಾಯವೆಂದು ಬರೆದಿದ್ದರೆ ಸೊನ್ನೆ ಸುತ್ತಿ, ತರಗತಿಯೆಲ್ಲ ನಗುವಂತೆ ಓದಿ ಹೇಳುತ್ತಿದ್ದೆ. ಈಗ ನಗುವವರಿಲ್ಲದ್ದರಿಂದ ಬಚಾವಾದೆ. ಅಕ್ಕನಿಗೆ ಮಾತ್ರ ಬಚಾವಾಗುವ ದಾರಿಯಿರಲಿಲ್ಲ. ಅವಳು ಆ ಓಣಿಯಲ್ಲೇ ಬಾಳಬೇಕು. ಕಡಿಮೆ ತಿರುಗಿಸಿದರೆ ಬಡವರ ದುಡ್ಡು ಮರೆತಳೆನ್ನುತ್ತಾರೆ, ಹೆಚ್ಚಾದರೆ ದೊಡ್ಡಸ್ತಿಕೆ ತೋರಿಸಿದಳೆನ್ನುತ್ತಾರೆ. ಕಾಶಮ್ಮನನ್ನೇ ಕೇಳೋಣವೆಂದರೆ, ಬರೆದುಕೊಂಡಿಲ್ಲವೆಂದು ಒಪ್ಪಿಕೊಂಡಂತೆ.

"ಐನೂರು ಹಾಕು, ಯಾರು ಬ್ಯಾಡ ಅಂತಾರ?" ಎಂದೆ. ಪಂಡಿತರಿಗೆ ಸಲಹೆಯ ಕೊರತೆ ಎಂದೂ ಇರುವುದಿಲ್ಲ.

ಮದುವೆಯಲ್ಲಿ ಅಕ್ಕ ಐನೂರರ ನೋಟು ಕೊಟ್ಟಳು. ಕಾಶಮ್ಮ ಅದನ್ನು ನೋಡಿದಳು, ಮಡಚಿದಳು, ಅಕ್ಕನ ಕೈಗೇ ಮರಳಿ ಇಟ್ಟಳು.

"ಅಕ್ಕೋರ, ನಾ ಹಾಕಿದ್ದು ಐವತ್ತೊಂದು. ಇಷ್ಟ ಕೊಟ್ರ ನಾಳಿ ನಿಮ್ಮ ಮಗನ ಲಗ್ನಕ್ಕ ನಾ ಎಲ್ಲಿಂದ ತರ್ಲಿರಿ?" ಆಮೇಲೆ ಸಣ್ಣ ದನಿಯಲ್ಲಿ ಕೇಳಿದಳು, "ನನ್ನ ಹೆಸರು ಬರ್ದಿದ್ದಿಲ್ಲೇನ್ರಿ?"

ಅಕ್ಕನ ಹಿಂದೆ ನಿಂತಿದ್ದ ನಾನು ಚಪ್ಪರದ ತೋರಣ ನೋಡತೊಡಗಿದೆ.

"ಬರ್ದಾನ ಕಾಶಮ್ಮ, ನಮ್ಮ ತಮ್ಮ ಬರೋಬ್ಬರಿ ಬರ್ದಾನ. ನಾನೇ ನೋಡೋದ್ರಾಗ ತಪ್ಪು ಮಾಡ್ದೆ," ಎಂದಳು ಅಕ್ಕ, ಚೀಲದಿಂದ ಅರವತ್ತೊಂದು ರೂಪಾಯಿ ಎಣಿಸುತ್ತ. ನಾನು ಹುಟ್ಟಿದಾಗಿನಿಂದ ನನಗಾಗಿ ಅವಳು ಹೇಳಿದ ಸುಳ್ಳುಗಳಲ್ಲಿ ಇದೇ ಭಾರವಾದದ್ದು.

ಕಾಶಮ್ಮ ಅದನ್ನು ನಂಬಿದಳು. ಮುಖ ಅರಳಿಸಿಕೊಂಡು ನನ್ನ ಕಡೆ ತಿರುಗಿ, "ನೀವು ಬರ್ದಿರ್ತೀರಿ ಅಂತ ನನಗ ಗೊತ್ತಿತ್ತು ಸರ. ಬರ್ರಿ, ಕುಂದ್ರಿ," ಎಂದು ಎಲ್ಲರಿಗಿಂತ ಮೊದಲು ನನ್ನ ತಾಟಿಗೆ ಬಡಿಸಿದಳು.