ನಾನು ತಲುಪಿಸದ ಕಾರ್ಡು

ಇದನ್ನು ಬರೆಯಬೇಕೆಂದು ಎಷ್ಟೋ ಸಲ ಕೂತು, ಎದ್ದು ಹೋಗಿದ್ದೇನೆ. ಯುಗಾದಿ ಕಳೆಯಲಿ, ಕಣ್ಣಿನ ಆಪರೇಷನ್ ಆಗಲಿ — ಹೀಗೇ ಏನಾದರೊಂದು ನೆಪ. ಇವತ್ತು ಹೇಳಿಬಿಡುತ್ತೇನೆ. ನಾನು ನಮ್ಮೂರಿನ ಪೋಸ್ಟ್‌ಮ್ಯಾನ್ ಆಗಿದ್ದೆ. ಒಂದು ಮನೆಗೆ ಬಂದ ಕಾರ್ಡನ್ನು ಬೇಕೆಂದೇ ಕೊಡಲಿಲ್ಲ. ಬಂದಿಲ್ಲ ಎಂದು ಸುಳ್ಳು ಹೇಳಿದೆ.

ಊರಿನ ಹೆಸರು ಬೇಡ. ಶೆಟ್ಟಿಕೆರೆಗೆ ಸೈಕಲ್ಲಿನಲ್ಲಿ ಹೋಗಿಬರುವಷ್ಟು ದೂರ, ಸುತ್ತ ತೆಂಗಿನ ತೋಟ. ಮನೆಗಳಿಗೆ ನಂಬರಿಲ್ಲ, ತೋಟದೊಳಗಿನ ಮನೆಗಳಿಗೆ ಸರಿಯಾದ ದಾರಿಯೂ ಇಲ್ಲ. ಯಾರ ಮನೆ ಹುಡುಕಿಕೊಂಡು ಬಂದವರೂ ನನ್ನನ್ನೇ ಕೇಳಬೇಕಿತ್ತು. ಕುರಿ ಕಂಬಳಿ ಬೇಕೆಂದು ಹೊರಗಿನವರು ಬಂದರೆ ನಾನೇ ಮುಂದೆ ಸೈಕಲ್ ತುಳಿದು ಬೀರಣ್ಣನ ಮನೆಗೆ ಕರೆದೊಯ್ಯುತ್ತಿದ್ದೆ. ಆ ಓಡಾಟ ನನಗೆ ಇಷ್ಟವಾಗಿತ್ತು.

ಬೀರಣ್ಣ ನನ್ನ ಜೊತೆ ಓದಿದವನು. ಮನೆಯೊಳಗೇ ಗುಣಿ ತೋಡಿ ಹಾಕಿದ ಮಗ್ಗದಲ್ಲಿ ಕಾಲಿಳಿಬಿಟ್ಟು ನೇಯುತ್ತಿದ್ದ. ಹುಣಸೆ ಬೀಜದ ಗಂಜಿ ಹಾಕಿ ಅವನು ಒಣಗಿಸಿದ ಕಂಬಳಿಯೊಳಗೆ ಮಳೆನೀರು ಇಳಿಯುತ್ತಿರಲಿಲ್ಲ. ಆದರೆ ಕೊಳ್ಳುವವರು ಕಡಿಮೆಯಾಗುತ್ತಾ ಬಂದರು. ಮಗ್ಗ ಕಿತ್ತುಹಾಕಿ ಆ ಜಾಗದಲ್ಲಿ ಕೊಬ್ಬರಿ ತುಂಬುತ್ತೇನೆ ಎನ್ನತೊಡಗಿದ.

ತಡೆದವಳು ಅವನ ಸೊಸೆ. ತಿಪಟೂರಿನಲ್ಲಿ ಮಹಿಳಾ ಸಂಘಗಳವರಿಗೆ ಒಂದು ತರಬೇತಿ ನಡೆದಿತ್ತು — ಕೈಕಸುಬಿನವರು ತಮ್ಮ ಮನೆಯನ್ನು ಮೊಬೈಲಿನ ಮ್ಯಾಪಿನಲ್ಲಿ ಹಾಕುವುದು ಹೇಗೆಂದು. ಅವಳು ಕಲಿತು ಬಂದಳು. ಕಂಬಳಿಗಳನ್ನು ಬಿಸಿಲಿಗೆ ಹರವಿ ಫೋಟೋ ತೆಗೆದಳು, ಮಾವನ ಹೆಸರು ಬರೆದಳು. ಒಂದೇ ಕೆಲಸ ಬಾಕಿ. ವಿಳಾಸ ನಿಜವೋ ಎಂದು ತಿಳಿಯಲು ಆಗ ಅಂಚೆಯಲ್ಲಿ ಒಂದು ಕಾರ್ಡು ಕಳಿಸುತ್ತಿದ್ದರು. ಅದರಲ್ಲಿರುವ ಸಂಖ್ಯೆಯನ್ನು ಮೊಬೈಲಿನಲ್ಲಿ ಒತ್ತಿದರೆ ಮಾತ್ರ ಮನೆ ಮ್ಯಾಪಿನಲ್ಲಿ ಕಾಣುತ್ತದೆ. ತಿಂಗಳು ಕಳೆದರೆ ಆ ಸಂಖ್ಯೆ ನಡೆಯುವುದಿಲ್ಲ.

“ಒಂದ್ ತಿಂಗ್ಳು ತಡೀರಿ ಮಾವ, ಕಾರ್ಡು ಬರ್ಲಿ. ಆಮೇಲೂ ಯಾರೂ ಬರ್ಲಿಲ್ಲ ಅಂದ್ರೆ ಕೀಳಿ,” ಎಂದಳು. ನಾನು ಅಲ್ಲೇ ಜಗಲಿಯ ಮೇಲೆ ಕೂತಿದ್ದೆ. ಬೀರಣ್ಣ ನನ್ನ ಕಡೆ ತಿರುಗಿ ನಕ್ಕ.

“ಕೇಳಿಸ್ಕಂಡೇನ್ಲಾ? ಇನ್ಮೇಲೆ ಮೊಬೈಲೇ ದಾರಿ ತೋರ್ಸುತ್ತಂತೆ. ನಿನ್ನ ಕೇಳೋರ್ಯಾರು ಬುಡು! ಆ ಸೈಕಲ್ ನನಗೆ ಕೊಟ್ಬುಡು, ಕುರಿ ಹಿಂದೆ ಓಡಾಡಕ್ಕೆ ಆಯ್ತದೆ.”

“ತಗಳ್ಲಾ, ಕಂಬ್ಳಿ ಹೊದ್ಕಳಕ್ಕೂ ಮೊಬೈಲೇ ಬತ್ತದೆ,” ಎಂದು ನಾನೂ ನಕ್ಕೆ. ದಿನಾ ಆಡುವಂಥದೇ ತಮಾಷೆ. ಆದರೆ ಆವತ್ತು ಅದು ನನ್ನೊಳಗೆ ಉಳಿದುಕೊಂಡಿತು. ಇಷ್ಟೇ ಕಾರಣ. ಇದಕ್ಕಿಂತ ದೊಡ್ಡದೇನಾದರೂ ಇದ್ದಿದ್ದರೆ ಹೇಳಿಕೊಳ್ಳುವುದಕ್ಕಾದರೂ…

ಎರಡು ವಾರಕ್ಕೆ ಕಾರ್ಡು ಬಂತು. ಮೊಹರು ಹಾಕಿ, ಅಂಗಿಯ ಜೇಬಿಗೆ ಸೇರಿಸಿದೆ. ನಾಲ್ಕು ದಿನ ಕಾಯಲಿ, ನನ್ನ ಬೆಲೆ ತಿಳಿಯಲಿ, ಆಮೇಲೆ ಕೊಟ್ಟರಾಯಿತು — ಹಾಗೆಂದೇ ಅಂದುಕೊಂಡಿದ್ದೆ. ಮಾರನೆಯ ದಿನ ಅವಳು ಸಗಣಿ ಮೆತ್ತಿದ ಕೈಯಲ್ಲೇ ಓಡಿಬಂದಳು.

“ಪೋಸ್ಟ್ ಮಾವ, ಬಂತಾ?”

“ಬಂದಿಲ್ಲ ಕಣವ್ವ.”

ಕಾರ್ಡು ಜೇಬಿನಲ್ಲಿತ್ತು. ಒಮ್ಮೆ ಇಲ್ಲವೆಂದ ಮೇಲೆ ಕೊಡುವುದು ಹೇಗೆ? ಮೊಹರಿನ ತಾರೀಖು ನನ್ನನ್ನು ಹಿಡಿದುಕೊಡುತ್ತದೆ ಎಂದು ಹೆದರಿದೆ. ಹೆದರಿಕೆ ಎಂದು ಬರೆದೆ — ಹಠವೂ ಇತ್ತು. ಒಂದು ಬೆಳಿಗ್ಗೆ ಅದನ್ನು ಬಚ್ಚಲೊಲೆಗೆ ಹಾಕಿದೆ. ತೆಂಗಿನ ಮಟ್ಟೆಯ ಜೊತೆ ಉರಿದುಹೋಯಿತು. ಅದೇ ಉರಿಗೆ ಕಾದ ನೀರಿನಲ್ಲಿ ಸ್ನಾನ ಮಾಡಿ, ವಿಭೂತಿ ಹಚ್ಚಿಕೊಂಡು ಕೆಲಸಕ್ಕೆ ಹೋದೆ.

ಅದಕ್ಕಿಂತ ಹೀನವಾದದ್ದು ಇನ್ನೂ ಇದೆ. ತಿಂಗಳ ಕೊನೆಯಲ್ಲಿ ಅವಳು ಮತ್ತೆ ಬಂದಳು.

“ಇನ್ನೊಂದ್ಸಲ ಕಳ್ಸಿ ಅಂತ ಕೇಳ್ಬೋದಂತೆ. ಕೇಳ್ಲಾ ಮಾವ? ನಮ್ಮೂರಿಗೆ ಬತ್ತದಾ?”

ಹೂಂ ಎಂದಿದ್ದರೆ ಸಾಕಿತ್ತು. ಎಲ್ಲವೂ ಸರಿಹೋಗುತ್ತಿತ್ತು, ನನ್ನ ಕಳ್ಳತನವೂ ಮುಚ್ಚಿಹೋಗುತ್ತಿತ್ತು. ವಿಳಾಸದ ವಿಷಯದಲ್ಲಿ ಅವಳಿಗೆ ನನ್ನ ಮಾತೇ ಕೊನೆಯ ಮಾತು — ಅದು ನನಗೆ ಗೊತ್ತಿತ್ತು. ಗೊತ್ತಿದ್ದೇ ಹೇಳಿದೆ:

“ನಮ್ಮಂಥ ಹಳ್ಳಿ ವಿಳಾಸಕ್ಕೆ ಅವೆಲ್ಲ ಬರಾಕಿಲ್ಲ ಕಣವ್ವ. ಬುಟ್ಬುಡು.”

ಬಿಟ್ಟಳು. ಮಗ್ಗ ಕಿತ್ತರು. ಗುಣಿಗೆ ಮಣ್ಣು ತುಂಬಿದವಳೂ ಅವಳೇ. “ಮೊಬೈಲ್ ಹಿಡ್ಕಂಡು ಮನೆ ಉದ್ಧಾರ ಮಾಡಕ್ಕೆ ಹೊಂಟಿದ್ಲು ಮಾರಾಯ್ತಿ!” ಎಂದು ಅವಳ ಗಂಡ ನಾಲ್ಕು ಜನರೆದುರು ಅಣಕಿಸಿದ. ಅವಳು ತಲೆ ಎತ್ತಲಿಲ್ಲ. ನಾನೂ ಆ ನಾಲ್ವರಲ್ಲಿ ಒಬ್ಬನಾಗಿ ನಿಂತಿದ್ದೆ. ಸಂಘದ ಸಭೆಗೆ ಹೋಗುವುದನ್ನೂ ಅವಳು ನಿಲ್ಲಿಸಿದಳು. ಅವಳ ಜೊತೆ ತರಬೇತಿ ಪಡೆದ, ಬಿಳಿಗೆರೆ ಕಡೆಯ ಬುಟ್ಟಿ ಹೆಣೆಯುವ ಹೆಂಗಸಿನ ಮನೆಯ ಮುಂದೆ ಈಗ ಕಾರುಗಳು ನಿಲ್ಲುತ್ತವಂತೆ.

ಬೀರಣ್ಣ ಹೋಗಿ ಮೂರು ವರ್ಷವಾಯಿತು. ಚಟ್ಟಕ್ಕೆ ನಾನೂ ಹೆಗಲು ಕೊಟ್ಟೆ. ಅವನ ಸೊಸೆ ಈಗ ನಾರಿನ ಫ್ಯಾಕ್ಟರಿಗೆ ಹೋಗುತ್ತಾಳೆ. ಧೂಳಿಗೆ ಕೆಮ್ಮು ಹಿಡಿದಿದೆ. ಮೊನ್ನೆ ಬಸ್ಸಿಗೆ ನಿಂತಿದ್ದವಳು ನನ್ನನ್ನು ನೋಡಿ, “ತಿಪಟೂರಿಗೆ ಹೊಂಟಿವ್ನಿ ಮಾವ, ನಿಮ್ಗೆ ಮಾತ್ರೆ ಏನಾರ ತರ್ಬೇಕಾ?” ಎಂದಳು. ಬೇಡವ್ವ ಎಂದೆ. ಬೇರೆ ಮಾತು ಬಾಯಿಗೆ ಬಂದಿತ್ತು — ಬಸ್ಸು ಬಂತು, ನುಂಗಿಕೊಂಡೆ.

ಬೀರಣ್ಣನನ್ನು ನೆನೆದು ಒಬ್ಬನೇ ಅತ್ತದ್ದುಂಟು. ಅದು ಸುಲಭ. ಸತ್ತವನು ತಿರುಗಿ ಏನೂ ಕೇಳುವುದಿಲ್ಲ. ಬದುಕಿರುವವಳ ಎದುರು ನಿಂತು, ಅವಳ ಗಂಡನಿಗೂ ಕೇಳಿಸುವಂತೆ ಹೇಳಬೇಕು: ನೀನು ಮಾಡಿದ್ದೆಲ್ಲ ಸರಿಯಾಗಿತ್ತು ಕಣವ್ವ, ಕಾರ್ಡು ಬಂದಿತ್ತು, ಸುಟ್ಟವನು ನಾನು. ಅವಳು ಕ್ಷಮಿಸಬೇಕೆಂದು ಕೇಳುವ ಮುಖ ನನಗಿಲ್ಲ. ಆದರೆ ಆ ಮನೆಯಲ್ಲಿ ಅವಳ ತಲೆಯ ಮೇಲೆ ಉಳಿದಿರುವ ತಪ್ಪು ನನ್ನದು. ಭಾನುವಾರ ಅವಳಿಗೆ ರಜ, ಅಂದು ಹೋಗುತ್ತೇನೆ.

ಇಷ್ಟು ಬರೆದರೂ ಅವಳ ಹೆಸರನ್ನು ತಪ್ಪಿಸಿಕೊಂಡೇ ಬಂದಿದ್ದೇನೆ. ಯಶೋದ.